ಒಂದೇ ಬೆರಳಿನ ವಾದ್ಯಮೇಳ

ಹಾಡಿಗೆ ಪಕ್ಕವಾದ್ಯ ಬೇಕೆಂದರೆ ಹಿಂದೆಲ್ಲ ಮೃದಂಗದವರನ್ನೋ ತಬಲದವರನ್ನೋ ಬರಮಾಡಿಕೊಳ್ಳಬೇಕಾಗಿತ್ತು. ವಿದ್ಯುನ್ಮಾನ ಕೀಬೋರ್ಡು ಬಂದ ಮೇಲೆ ಆ ಭಾರವೆಲ್ಲ ಎಡಗೈಯ ಒಂದು ಬೆರಳಿಗೆ ಇಳಿದಿದೆ. ಕೀಲಿಯೊಂದನ್ನು ಒತ್ತಿದೊಡನೆ ಡ್ರಮ್ಮು ಮೊಳಗುತ್ತದೆ, ಮಂದ್ರಸ್ವರ ಮಿಡಿಯುತ್ತದೆ, ನಡುವೆ ಸ್ವರಗುಚ್ಛವೊಂದು ತಾಳಕ್ಕೆ ಸರಿಯಾಗಿ ತೂಗುತ್ತದೆ. ಬಲಗೈ ಹಾಡನ್ನು ನುಡಿಸಿದರೆ ಸಾಕು. ಇದು ಸಂಗೀತವೋ, ಬರಿಯ ಯಂತ್ರದ ಆಟವೋ ಎಂದು ಹಿರಿಯರು ಕೇಳುವುದು ಸಹಜವೇ. ಈ ಪ್ರಶ್ನೆಗೆ ದೂರದ ಜಮೈಕಾ ದ್ವೀಪದಲ್ಲೊಮ್ಮೆ ವಿಚಿತ್ರವಾದ ಉತ್ತರ ದೊರೆಯಿತು.

ಮೊದಲು ಯಂತ್ರದ ಮರ್ಮವನ್ನು ನೋಡೋಣ. ಪಾಶ್ಚಾತ್ಯರ ‘ಕಾರ್ಡ್’ ಎಂದರೆ ಮೂರು ಅಥವಾ ಹೆಚ್ಚು ಸ್ವರಗಳು ಏಕಕಾಲದಲ್ಲಿ ನುಡಿಯುವುದು. ನಮ್ಮ ಲೆಕ್ಕದಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮಗಳು ಕೂಡಿದರೆ ‘ಮೇಜರ್’. ಗಾಂಧಾರವನ್ನು ಸಾಧಾರಣಕ್ಕೆ ಇಳಿಸಿದರೆ ‘ಮೈನರ್’. ಕ್ಯಾಸಿಯೋ ಕೀಬೋರ್ಡುಗಳ ಸುಲಭಕ್ರಮದಲ್ಲಿ ಆಧಾರಸ್ವರದ ಕೀಲಿಯೊಂದೇ ಮೇಜರ್ ಆಗುತ್ತದೆ. ಅದರ ಬಲಕ್ಕೆ ಇನ್ನೊಂದನ್ನು ಸೇರಿಸಿ ಒತ್ತಿದರೆ ಮೈನರ್, ಎರಡನ್ನು ಸೇರಿಸಿದರೆ ‘ಸೆವೆಂತ್’. ಉಳಿದ ಸ್ವರಗಳನ್ನು ಯಂತ್ರವೇ ತುಂಬಿಕೊಂಡು, ತನ್ನ ನೆನಪಿನಲ್ಲಿರುವ ತಾಳದ ಅಚ್ಚಿಗೆ ಎರಕ ಹೊಯ್ಯುತ್ತದೆ.

ಆ ಅಚ್ಚನ್ನು ಮಾಡಿದವರು ಮಾತ್ರ ಮನುಷ್ಯರೇ. 1980ರಲ್ಲಿ ಜಪಾನಿನ ಕ್ಯಾಸಿಯೋ ಸಂಸ್ಥೆಯನ್ನು ಸೇರಿದ ಹಿರೋಕೊ ಒಕುಡಾ ಎಂಬ ತರುಣಿ ಸಂಗೀತದ ಪದವೀಧರೆ. ಜಮೈಕಾದ ರೆಗೆ ಸಂಗೀತದಲ್ಲಿ ಆಕೆಗೆ ಬಹಳ ಪ್ರೀತಿ. 1981ರಲ್ಲಿ ಹೊರಬಂದ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನ ತಾಳಗಳನ್ನು ಹೆಣೆದವಳು ಈಕೆ. ಅವುಗಳಲ್ಲಿ ಒಂದರ ಹೆಸರು ‘ರಾಕ್’.

ಅಂಥದೊಂದು ವಾದ್ಯ ಜಮೈಕಾದ ನೋಯೆಲ್ ಡೇವಿ ಎಂಬಾತನ ಕೈ ಸೇರಿತು. ಆತನೂ ಗಾಯಕ ವೇಯ್ನ್ ಸ್ಮಿತ್‌ನೂ ಗುಂಡಿಗಳನ್ನು ಒತ್ತಿ ನೋಡುತ್ತಿದ್ದಾಗ ಆ ನಡೆ ಕಿವಿಗೆ ಬಿತ್ತು. ನಿರ್ಮಾಪಕ ಪ್ರಿನ್ಸ್ ಜ್ಯಾಮಿ ಅದರ ವೇಗವನ್ನು ತಗ್ಗಿಸಿ, 1985ರಲ್ಲಿ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಎಂಬ ಗೀತೆಯನ್ನು ಹೊರತಂದ. ದ್ವೀಪವೇ ಕುಣಿಯಿತು! ಅದೇ ನಡೆಯ ಮೇಲೆ ಮುಂದೆ ನೂರಾರು ಹಾಡುಗಳು ಹುಟ್ಟಿದವು. ರೆಗೆಯ ಮೇಲಿನ ಪ್ರೀತಿ ಯಂತ್ರದ ಮೂಲಕ ರೆಗೆಯ ತವರಿಗೇ ಮರಳಿತ್ತು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಸ್ಟುಡಿಯೋಗಳಲ್ಲಿ ಡ್ರಮ್ಮು, ಗಿಟಾರು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಎಷ್ಟೋ ವಾದಕರಿಗೆ ಕೆಲಸ ಕಡಿಮೆಯಾಯಿತು. ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಮುಚ್ಚಿತು.

ಮಕ್ಕಳಿಗೆ ಕೀಬೋರ್ಡು ಕೊಡಿಸುವ ತಂದೆತಾಯಿಗಳು ಒಂದನ್ನು ನೆನಪಿಡಬೇಕು. ಸುಲಭಕ್ರಮದಲ್ಲಿ ತಾಳವನ್ನೂ ಸ್ವರಗಳನ್ನೂ ಯಂತ್ರ ಒದಗಿಸುತ್ತದೆ. ಆದರೆ ಹಾಡಿನ ಯಾವ ತಿರುವಿನಲ್ಲಿ ಯಾವ ಸ್ವರಗುಚ್ಛಕ್ಕೆ ಹೊರಳಬೇಕೆಂಬುದನ್ನು ಕಿವಿಯೇ ನಿರ್ಣಯಿಸಬೇಕು. ನಮ್ಮ ರಾಗಗಳ ಗಮಕವಂತೂ ಈ ಅಚ್ಚಿಗೆ ಸುಲಭವಾಗಿ ಒಗ್ಗದು. ಮಗುವಿನ ಒಂದು ಬೆರಳು ಪಳಗಿದ ಮೇಲೆ, ದಿನಕ್ಕೆ ಹತ್ತು ನಿಮಿಷವಾದರೂ ಆ ಗುಂಡಿಯನ್ನು ಆರಿಸಿ, ಮೂರು ಸ್ವರಗಳನ್ನೂ ಮೂರು ಬೆರಳುಗಳಿಂದಲೇ ನುಡಿಸಲು ಹೇಳಿರಿ.