ನೆನಪನ್ನು ಎಲ್ಲಿ ಇಡುವುದು?

ಹರಿಹರ ತಾಲ್ಲೂಕಿನ ಕೊಕ್ಕನೂರಿಗೆ ಕೊಟ್ಟ ನಮ್ಮ ಸೋದರತ್ತೆಯ ಬಳಿ 2004ರಲ್ಲಿ ನಡೆದ ಅವರ ಮದುವೆಯ ಸಿ.ಡಿ. ಇದೆ. ಕಳೆದ ತಿಂಗಳು ಅದನ್ನು ಟ್ರಂಕಿನಿಂದ ತೆಗೆದು, 'ಅಜ್ಜ ಓಡಾಡೋದು ಇರೋದು ಇದರಾಗೆ ಮಾತ್ರ. ಮೊಬೈಲಿಗೆ ಹಾಕ್ಕೊಡಪ್ಪ' ಎಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಹಳೆಯ ಕಂಪ್ಯೂಟರೊಂದನ್ನು ಹುಡುಕಿ ಹಾಕಿದರೆ, ಚಿತ್ರ ಧಾರೆಯವರೆಗೆ ಓಡಿ ನಿಂತುಬಿಟ್ಟಿತು. ಬೀಗರ ಪಂಕ್ತಿಯಲ್ಲಿ ಅಜ್ಜ ಉಪಚಾರ ಹೇಳುತ್ತಾ ಓಡಾಡುವ ಭಾಗ ಬರಲೇ ಇಲ್ಲ.

ಹೀಗೇಕಾಯಿತು? ಕಂಪ್ಯೂಟರಿನಲ್ಲಿ ಬರೆಯುವ ಸಿ.ಡಿ.ಯೊಳಗೆ ತೆಳುವಾದ ಬಣ್ಣದ ಪದರವಿರುತ್ತದೆ. ಲೇಸರ್ ಕಿರಣ ಅದರ ಮೇಲೆ ಗುರುತು ಮಾಡುತ್ತಾ ಒಳಸುತ್ತಿನಿಂದ ಹೊರಸುತ್ತಿಗೆ ಸಾಗುತ್ತದೆ. ಬಿಸಿಲು, ಸೆಕೆ ಈ ಬಣ್ಣಕ್ಕೆ ಶತ್ರುಗಳು. ಹೊಳೆಯುವ ಕೆಳಮೈಯನ್ನು ನಾವು ಜೋಪಾನ ಮಾಡುತ್ತೇವೆ. ಆದರೆ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಮೇಲ್ಮೈಗೆ ಅಂಟಿಕೊಂಡು. ಅತ್ತೆಯ ಸಿ.ಡಿ.ಯ ಮೇಲೆ ಯಾರೋ ಬಾಲ್‌ಪೆನ್ನಿನಿಂದ ಒತ್ತಿ ಹೆಸರು ಬರೆದಿದ್ದರು. ಇಪ್ಪತ್ತು ಬೇಸಿಗೆಗಳನ್ನು ಅದು ತಗಡಿನ ಟ್ರಂಕಿನಲ್ಲಿ ಕಳೆದಿತ್ತು. ಮೊದಲು ಹೋದದ್ದು ಹೊರಸುತ್ತು, ಅಂದರೆ ಮದುವೆಯ ಕೊನೆಯ ಭಾಗ.

ಸಿ.ಡಿ.ಗೂ ಮುಂಚೆ ಫ್ಲಾಪಿ ಇತ್ತು. ಮೂರೂವರೆ ಅಂಗುಲದ ಫ್ಲಾಪಿ ಹಿಡಿಯುತ್ತಿದ್ದುದು 1.44 ಮೆಗಾಬೈಟ್. ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಸಾಮಾನ್ಯವಾಗಿ 3 ಬೈಟ್ ಬೇಕು. 'ಹರಿಹರ' ಎಂದು ಬರೆದರೆ ಗುಣಿಸೂ ಸೇರಿ 15 ಬೈಟ್. ಆ ಲೆಕ್ಕದಲ್ಲಿ ಒಂದು ಫ್ಲಾಪಿಗೆ ಇನ್ನೂರು ಚಿಲ್ಲರೆ ಪುಟದ ಕಾದಂಬರಿ ಹಿಡಿಸೀತು, ಫೋಟೋ ಒಂದೂ ಹಿಡಿಸದೆ ಹೋದೀತು. 700 ಮೆಗಾಬೈಟಿನ ಸಿ.ಡಿ. ಸುಮಾರು 500 ಫ್ಲಾಪಿಗೆ ಸಮ. ಇಂದಿನ ಸಾಧಾರಣ 32 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಅಂಥ 40ಕ್ಕೂ ಹೆಚ್ಚು ಸಿ.ಡಿ. ಅಡಗುತ್ತವೆ.

ಹಾರ್ಡ್ ಡಿಸ್ಕಿನ ರೀತಿಯೇ ಬೇರೆ. ಅದರೊಳಗೆ ಕನ್ನಡಿಯಂಥ ಕಾಂತೀಯ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಸೂಜಿ ಅವುಗಳ ಮೇಲೆ, ಕೂದಲೆಳೆಯ ಸಾವಿರದೊಂದು ಪಾಲಿಗಿಂತ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವಾಗ ಕೈಜಾರಿ ಬಿದ್ದರೆ ಕಥೆ ಮುಗಿದಂತೆ. ಆದರೂ ಕಡಿಮೆ ಕಾಸಿಗೆ ಹೆಚ್ಚು ಜಾಗ ಬೇಕೆನ್ನುವವರಿಗೆ ಇವತ್ತಿಗೂ ಅದೇ ಗತಿ.

ಪೆನ್‌ಡ್ರೈವ್, ಮೆಮರಿ ಕಾರ್ಡ್, ಹೊಸ ಲ್ಯಾಪ್‌ಟಾಪುಗಳ ಎಸ್.ಎಸ್.ಡಿ. ಇವೆಲ್ಲ ಒಂದೇ ಕುಲ. ತಿರುಗುವ ಭಾಗವಿಲ್ಲ, ಆದ್ದರಿಂದ ಬಿದ್ದರೂ ಬದುಕುತ್ತವೆ. ಎಸ್.ಎಸ್.ಡಿ.ಯಂತೂ ಹಾರ್ಡ್ ಡಿಸ್ಕಿಗಿಂತ ಬಹಳ ವೇಗ, ಬೆಲೆಯೂ ಹೆಚ್ಚು. ಇವು ವಿದ್ಯುದಾವೇಶವನ್ನು ಸೂಕ್ಷ್ಮ ಕೋಶಗಳಲ್ಲಿ ಕೂಡಿಡುತ್ತವೆ, ನಮ್ಮ ಕಡೆ ಹಗೇವಿನಲ್ಲಿ ಜೋಳ ಕೂಡಿಟ್ಟ ಹಾಗೆ. ಹಗೇವಿನ ಜೋಳವಾದರೂ ವರ್ಷಗಟ್ಟಲೆ ಮುಟ್ಟದಿದ್ದರೆ ಮುಗ್ಗುತ್ತದಲ್ಲವೆ? ಕೋಶದ ಆವೇಶವೂ ಹಾಗೆಯೇ ನಿಧಾನವಾಗಿ ಸೋರುತ್ತದೆ. ದಿನನಿತ್ಯದ ಕೆಲಸಕ್ಕೆ ಇವು ಉತ್ತಮ. ಬರೆದು ಬೀರುವಿನಲ್ಲಿಟ್ಟು ಮರೆಯುವುದಕ್ಕೆ ಪೆನ್‌ಡ್ರೈವನ್ನು ನಾನು ನಂಬಲಾರೆ.

ಹೆಚ್ಚು ಹಿಡಿಯುವ ಸಾಧನ ಹೆಚ್ಚು ಬಾಳುವುದೆಂಬ ಖಾತರಿ ಎಲ್ಲಿಯೂ ಇಲ್ಲ. ಕೊಕ್ಕನೂರಿನಿಂದ ಹಿಂದಿರುಗುವಾಗ ಹರಿಹರೇಶ್ವರನ ಗುಡಿಗೆ ಹೋಗಿದ್ದೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಅಲ್ಲಿನ ಶಿಲಾಶಾಸನಗಳಿಗೆ ಕರೆಂಟು ಬೇಡ, ಯಂತ್ರವೂ ಬೇಡ. ಹಿಡಿಸುವುದು ಮಾತ್ರ ನಾಲ್ಕಾರು ಪುಟದಷ್ಟು. ಕಲ್ಲಾದರೂ ಶಾಶ್ವತವೆ? ಬಟ್ಟೆ ಒಗೆಯುವ ಬಂಡೆಯಾಗಿ ಸವೆದ ಶಾಸನಗಳು ನಾಡಿನಲ್ಲಿ ಕಡಿಮೆಯೇನಲ್ಲ. ಹರಿಹರದ ಶಾಸನಗಳನ್ನು ಬಿ.ಎಲ್. ರೈಸ್ 1903ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೊಂದನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಅವು ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿವೆ. ಮುಂದೆ ಆ ಸಂಪುಟಗಳು ಸಿ.ಡಿ.ಗೂ ಏರಿದವು, ಅಂತರಜಾಲಕ್ಕೂ ಬಂದವು. ಸಿ.ಡಿ. ಕೆಟ್ಟರೆ ಪುಸ್ತಕವಿದೆ, ಪುಸ್ತಕಕ್ಕೆ ಹುಳು ಹತ್ತಿದರೆ ಕಲ್ಲಿದೆ.

ಸಾಧನ ಉಳಿದರೂ ಓದಲು ಬರಬೇಕಲ್ಲ. ಗುಡಿಯ ಹಳೆಯ ಲಿಪಿ ನನಗೆ ತಡವರಿಸಿದರೂ ಹತ್ತಲಿಲ್ಲ. ಯೂನಿಕೋಡಿಗೆ ಮುಂಚಿನ ಕನ್ನಡ ಕಡತಗಳದ್ದೂ ಇದೇ ಪಾಡು: ಆಗಿನ ನುಡಿ, ಬರಹ ತಂತ್ರಾಂಶಗಳ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಥವು ನಿಮ್ಮಲ್ಲಿದ್ದರೆ ಯೂನಿಕೋಡಿಗೆ ಪರಿವರ್ತಿಸಿಡುವುದು ಒಳ್ಳೆಯದು.

ಸಿಕ್ಕಿದ ಅರ್ಧ ಮದುವೆಯನ್ನು ಅತ್ತೆಯ ಮೊಬೈಲಿಗೆ, ದಾವಣಗೆರೆಯ ನಮ್ಮ ಮನೆಯ ಹಾರ್ಡ್ ಡಿಸ್ಕಿಗೆ, ಇನ್ನೊಂದನ್ನು ಅಂತರಜಾಲದ ಖಾತೆಗೆ ಹಾಕಿದ್ದೇನೆ. ಆಗ ಎರಡು ಸಿ.ಡಿ. ಮಾಡಿಸಿದ್ದರಂತೆ, ಒಂದನ್ನು ಮಲೇಬೆನ್ನೂರಿನ ನಾದಿನಿ ಒಯ್ದದ್ದು ಅತ್ತೆಗೆ ಈಗ ನೆನಪಾಗಿದೆ. ಬರುವ ಭಾನುವಾರ ಹಳೆಯ ಕಂಪ್ಯೂಟರನ್ನೂ ಕಟ್ಟಿಕೊಂಡು ಮಲೇಬೆನ್ನೂರಿಗೆ ಹೊರಟಿದ್ದೇವೆ.