ಗುಂತಕಲ್ಲಿನಲ್ಲಿ ದೊರೆತ ಹಿರಿಯ ಮಿತ್ರರು

ರೈಲಿನ ಸ್ನೇಹ ಇಳಿಯುವ ನಿಲ್ದಾಣದವರೆಗೆ ಮಾತ್ರವೆಂದು ನಾವೆಲ್ಲ ತಿಳಿದಿದ್ದೇವೆ. ವರ್ಗಾವಣೆಯ ಬೆನ್ನೇರಿ ಊರೂರು ಅಲೆಯುವ ಬ್ಯಾಂಕಿನವರಿಗಂತೂ ಇದು ಅನುಭವದ ಮಾತು. ಆದರೆ 2016ರಲ್ಲಿ ಹುಬ್ಬಳ್ಳಿಯಿಂದ ವಿಜಯವಾಡಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಪರಿಚಿತರಾದ ಹಿರಿಯರೊಬ್ಬರು ಇಂದಿಗೂ ನನ್ನ ಆಪ್ತರು.

ಅವರು ವಿಜಯವಾಡದ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವರು. ವಯಸ್ಸು 65 ದಾಟಿತ್ತು. ಯೌವನದಲ್ಲಿ ಹೊಸಪೇಟೆಯ ಗ್ಯಾರೇಜಿನಲ್ಲಿ ದುಡಿದಿದ್ದರಿಂದ ಕನ್ನಡ ಬಲ್ಲರು. "ತುಂಗಭದ್ರೆಯ ನೀರು ಕುಡಿದ ನಾಲಿಗೆ, ಬಾಬು" ಎಂದು ನಕ್ಕರು. ಗುಂತಕಲ್ಲಿನಲ್ಲಿ ಕೊಂಡ ಚಹಾ, ಗಾಡಿ ಹೊರಟ ಕುಲುಕಿಗೆ ಅವರ ಬರಿಗಾಲಿನ ಮೇಲೆ ಚೆಲ್ಲಿತು. ಅವರಾದರೋ ಮಾತನ್ನೂ ನಿಲ್ಲಿಸಲಿಲ್ಲ, ಕಾಲನ್ನೂ ಎಳೆದುಕೊಳ್ಳಲಿಲ್ಲ.

"ಯಜಮಾನರೇ, ಸುಡಲಿಲ್ಲವೇ?" ಎನ್ನುತ್ತ ಬಾಟಲಿಯ ನೀರು ಸುರಿದೆ.

"ಏನು ಸುಡುವುದು?" ಎಂದರು.

12 ವರ್ಷಗಳಿಂದ ಸಕ್ಕರೆ ಕಾಯಿಲೆಯಂತೆ, ನೆನಪಾದಾಗ ಮಾತ್ರೆ. ನೋವು ತಿಳಿಯದಿರುವುದನ್ನು ಅವರು ದುಡಿದ ಕಾಲಿನ ಗಟ್ಟಿತನವೆಂದೇ ಭಾವಿಸಿದ್ದರು. ದೀರ್ಘಕಾಲ ರಕ್ತದಲ್ಲಿ ಸಕ್ಕರೆ ಏರಿದ್ದರೆ ನರಗಳು ಕೆಡುತ್ತವೆ. ಪಾದಕ್ಕಿಳಿಯುವ ಉದ್ದನೆಯ ನರಗಳು ಸಾಮಾನ್ಯವಾಗಿ ಮೊದಲು. ಆಗ ಮೊಳೆ ಚುಚ್ಚಿದರೂ ಅರಿವಾಗದು. ರಕ್ತಸಂಚಾರವೂ ಕುಂದಿದ್ದರೆ ಗಾಯ ಮಾಯದೆ, ಕೀವಾಗಿ, ಕಾಲನ್ನೇ ತೆಗೆಯುವ ಪ್ರಸಂಗ ಬಂದೀತು. ನನ್ನ ತಾಯಿಯವರ ಶುಶ್ರೂಷೆಯಲ್ಲಿ ವೈದ್ಯರಿಂದ ಕೇಳಿ ಬಲ್ಲೆನೇ ಹೊರತು, ಬಿ.ಕಾಂ. ಓದಿದವನಿಗೆ ವೈದ್ಯಜ್ಞಾನವೆಲ್ಲಿಯದು? ಇಳಿಯುವಾಗ ವಿಳಾಸ ಕೇಳಿ ಪಡೆದೆ.

ಮರುವಾರ ಆಟೋನಗರಕ್ಕೆ ಹೋದೆ. ಬರಿಯ ಚಾಸಿಯಾಗಿ ಬಂದ ಲಾರಿಗಳಿಗೆ ಅಲ್ಲಿ ಮರ, ತಗಡುಗಳಿಂದ ಮೈ ಮೂಡುತ್ತದೆ. ನೆಲದ ತುಂಬ ವೆಲ್ಡಿಂಗ್ ಕಿಡಿ, ತಗಡಿನ ಚೂರು. ನಡುವೆ ಇವರು ಹವಾಯಿ ಚಪ್ಪಲಿಯಲ್ಲಿ! ಬಲಗಾಲಿನ ಕಿರುಬೆರಳ ಬುಡದಲ್ಲಿ ತಂತಿಯ ತುಂಡೊಂದು ನಾಟಿ ಕೀವಾಗಿತ್ತು. ಅಂದೇ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದನ್ನು ಬಾಗುವಷ್ಟು ಅಂಗಾಲಿಗೊತ್ತಿ ಸ್ಪರ್ಶ ತಿಳಿಯಿತೇ ಎಂದು ಕೇಳುತ್ತ ಹೋದರು. ಬಹುತೇಕ ಕಡೆ ತಿಳಿಯಲಿಲ್ಲ. ಕಿರುಬೆರಳು ಹೋಯಿತು, ಪಾದ ಉಳಿಯಿತು.

ಮುಂದೆ ಅವರ ಶಿಸ್ತು ನೋಡುವಂತಿತ್ತು. ಹೊತ್ತಿಗೆ ಸರಿಯಾಗಿ ಔಷಧ; ಬೆರಳ ಸಂದುಗಳನ್ನು ಒರೆಸಿ ಒಣಗಿಸುವುದು; ಬೂಟು ತೊಡುವ ಮುನ್ನ ಒಳಗೆ ಕೈಯಾಡಿಸುವುದು. ರಾತ್ರಿ ಅಂಗಾಲು ನೋಡಿಕೊಳ್ಳಲು ಲಾರಿಯದೊಂದು ಹಳೆಯ ಕನ್ನಡಿ!

ಸಂಸಾರವನ್ನು ಊರಿನಲ್ಲಿ ಬಿಟ್ಟು ಒಂಟಿಯಾಗಿದ್ದ ನನಗೆ ಭಾನುವಾರದ ಊಟ ಅವರ ಮನೆಯಲ್ಲೇ. ಗೋಂಗೂರ ಪಚ್ಚಡಿ ತಪ್ಪುತ್ತಿರಲಿಲ್ಲ. "ಅಕ್ಷರ ಹೆಚ್ಚುಕಡಿಮೆ ಒಂದೇ, ತಲೆಕಟ್ಟು ಮಾತ್ರ ಬೇರೆ" ಎನ್ನುತ್ತ ಅಂಗಡಿಯ ಬೋರ್ಡುಗಳ ಮೇಲೆ ತೆಲುಗು ಓದಿಸಿದವರೂ ಅವರೇ.

ಈಗ ನಾನು ಈ ಮಹಾನಗರದಲ್ಲಿದ್ದೇನೆ. ಫೋನು ಮಾಡಿದರೆ, ನಾನು ಕೇಳುವ ಮೊದಲೇ "ಎರಡು ಕಾಲೂ ಕ್ಷೇಮ. ತಾಯಿಗಿದ್ದ ಕಾಯಿಲೆ ಮಗನನ್ನೂ ಹುಡುಕೀತು, ಬಾಬು. ನಿಮ್ಮ ರಕ್ತಪರೀಕ್ಷೆ ಆಯಿತೇ?" ಎನ್ನುತ್ತಾರೆ.