ನಿಸ್ತಂತು ಮಾಪಕಜಾಲದಲ್ಲಿ ನಾಮವಿಚಾರ

ಮಾಪಕಯಂತ್ರವು ಕಳುಹಿಸುವ ಪ್ರತಿಯೊಂದು ವಾರ್ತೆಯೂ ಒಂದು ವಾಕ್ಯವೇ ಸರಿ. 'ನೂರೆಂಬತ್ತು ಡಿಗ್ರಿ' ಎಂದಷ್ಟೇ ಹೇಳಿದರೆ ವಿಧೇಯವು ಮಾತ್ರ ತಿಳಿದಂತಾಯಿತು. ಯಾವ ಪಾತ್ರೆಯ ಉಷ್ಣವು ಅಷ್ಟಿರುವುದೆಂಬ ಉದ್ದೇಶ್ಯವು ತಿಳಿಯದಿದ್ದರೆ ಆ ಅಂಕದಿಂದ ಪ್ರಯೋಜನವೇನೂ ಇಲ್ಲ. ತೈಲಶುದ್ಧಿ, ರಸಾಯನನಿರ್ಮಾಣ ಮೊದಲಾದ ಕಾರ್ಖಾನೆಗಳಲ್ಲಿ ಒಂದೊಂದು ಮಾಪಕಕ್ಕೂ ಪ್ರತ್ಯೇಕವಾದ ತಂತಿಯನ್ನೆಳೆಯುವ ಪದ್ಧತಿಯಲ್ಲಿ, ತಂತಿಯ ತುದಿಯನ್ನು ನೋಡಿಯೇ ಉದ್ದೇಶ್ಯವನ್ನು ನಿಶ್ಚಯಿಸಬಹುದು. ನಿಸ್ತಂತುಜಾಲದಲ್ಲಿ ಸಮಸ್ತ ಮಾಪಕಗಳ ನುಡಿಯೂ ಒಂದೇ ಆಕಾಶದಲ್ಲಿ ಹರಡುವುದರಿಂದ, ಆ ಭಾರವು ಹೆಸರಿನ ಮೇಲೆ ಬೀಳುತ್ತದೆ. ಆದುದರಿಂದ ಇಂತಹ ಜಾಲಗಳಲ್ಲಿ ಯಂತ್ರಗಳಿಗೆ ಹೆಸರಿಡುವ ಕ್ರಮವು ಶಬ್ದಶಾಸ್ತ್ರದಲ್ಲಿ ಪರಿಶ್ರಮವುಳ್ಳವರಿಗೂ ವಿಚಾರಯೋಗ್ಯವಾಗಿದೆ.

ನಿದರ್ಶನಕ್ಕಾಗಿ ವೈರ್‌ಲೆಸ್‌ಹಾರ್ಟ್ ಎಂಬ ಪದ್ಧತಿಯನ್ನು ತೆಗೆದುಕೊಳ್ಳಬಹುದು. ಇದು ೨೦೦೭ರಲ್ಲಿ ಪ್ರಕಟವಾಗಿ, ೨೦೧೦ರಲ್ಲಿ ಐ.ಇ.ಸಿ. ೬೨೫೯೧ ಎಂಬ ಅಂತರರಾಷ್ಟ್ರೀಯ ಪ್ರಮಾಣವಾಗಿ ಅಂಗೀಕೃತವಾಯಿತು. ಇದರಲ್ಲಿ ಒಂದೊಂದು ಮಾಪಕಕ್ಕೂ ಜನ್ಮನಾಮ, ವ್ಯವಹಾರನಾಮ, ಸ್ಥಾನನಾಮ ಎಂದು ಕರೆಯಬಹುದಾದ ಮೂರು ಹೆಸರುಗಳುಂಟು.

ಜನ್ಮನಾಮವು ತಯಾರಾಗುವಾಗಲೇ ಯಂತ್ರಕ್ಕೆ ಅಂಟಿಕೊಂಡು ಬರುವ ೬೪ ಬಿಟ್‌ಗಳ, ಎಂದರೆ ೮ ಬೈಟುಗಳ ಸಂಖ್ಯೆ. ಇದರ ಮೊದಲ ೩ ಬೈಟುಗಳು ಹಾರ್ಟ್ ಸಂಸ್ಥೆಗೆ ಮೀಸಲಾದ ಗುರುತು. ನಡುವಿನ ೨ ಬೈಟುಗಳು ಯಂತ್ರದ ಜಾತಿಯನ್ನು ತಿಳಿಸುವುವು. ಕಡೆಯ ೩ ಬೈಟುಗಳು ಆ ಜಾತಿಯೊಳಗಿನ ವ್ಯಕ್ತಿಯನ್ನು ನಿರ್ದೇಶಿಸುವುವು. ಪ್ರವರವನ್ನು ಹೇಳಿ ಕೊನೆಗೆ ತನ್ನ ಹೆಸರನ್ನು ಹೇಳುವ ಸಂಪ್ರದಾಯಕ್ಕೆ ಇದು ಬಹಳ ಹತ್ತಿರವಾದುದು. ಯಂತ್ರವು ಯಾವ ಕಾರ್ಖಾನೆಗೆ ಹೋದರೂ ಈ ಹೆಸರು ಬದಲಾಗುವುದಿಲ್ಲ.

ವ್ಯವಹಾರನಾಮವು ಕೇವಲ ೨ ಬೈಟುಗಳದು. ಮಾಪಕವು ಜಾಲವನ್ನು ಸೇರಿದಾಗ, ಜಾಲವನ್ನು ಆಳುವ ವ್ಯವಸ್ಥಾಪಕವೆಂಬ ಗಣಕಕ್ರಮವು ಇದನ್ನು ಕೊಡುತ್ತದೆ. ಇದರ ಉದ್ದೇಶ ಲಾಘವ. ಆಧಾರವಾದ ರೇಡಿಯೋ ಪ್ರಮಾಣದಲ್ಲಿ ಒಂದು ಸಂದೇಶವು ೧೨೭ ಬೈಟುಗಳನ್ನು ಮೀರಕೂಡದು. ಕಳುಹಿಸುವವನ ಹಾಗೂ ಪಡೆಯುವವನ ಜನ್ಮನಾಮಗಳೆರಡನ್ನೂ ಬರೆದರೆ ೧೬ ಬೈಟುಗಳು ವ್ಯಯವಾಗುವುವು. ವ್ಯವಹಾರನಾಮಗಳಿಗೆ ೪ ಸಾಕು. ಉಳಿದ ೧೨ ಬೈಟುಗಳು ಅಲ್ಪವೆಂದು ತೋರಬಹುದು. ಆದರೆ ವರ್ಷಗಟ್ಟಲೆ ಒಂದೇ ಬ್ಯಾಟರಿಯಿಂದ ನಡೆಯಬೇಕಾದ ಯಂತ್ರಕ್ಕೆ ಅಕ್ಷರದ ಉಳಿತಾಯವು ಶಕ್ತಿಯ ಉಳಿತಾಯವೇ ಆಗುತ್ತದೆ. ಪಾಣಿನಿಯು ಟಿ, ಘು, ಭ ಎಂಬ ಕಿರುಸಂಜ್ಞೆಗಳನ್ನು ಕಲ್ಪಿಸಿದುದೂ ಲಾಘವಕ್ಕಾಗಿಯೇ. ಆ ಸಂಜ್ಞೆಗಳಿಗೆ ಅವನ ಶಾಸ್ತ್ರದ ಹೊರಗೆ ಆ ಅರ್ಥವು ಹೇಗಿಲ್ಲವೋ, ಹಾಗೆಯೇ ವ್ಯವಹಾರನಾಮಕ್ಕೂ ತನ್ನ ಜಾಲದ ಹೊರಗೆ ಅರ್ಥವಿಲ್ಲ. ನೆರೆಯ ಜಾಲದಲ್ಲಿ ಅದೇ ಸಂಖ್ಯೆಯು ಬೇರೊಂದು ಯಂತ್ರದ್ದಾಗಿರಬಹುದು. ಇದಕ್ಕಾಗಿಯೇ ಪ್ರತಿಯೊಂದು ಜಾಲಕ್ಕೂ ಪ್ರತ್ಯೇಕವಾದ ಜಾಲಸಂಖ್ಯೆಯನ್ನು ಗೊತ್ತುಮಾಡಬೇಕಾಗಿದೆ.

ಮೂರನೆಯದಾದ ಸ್ಥಾನನಾಮವು ಮನುಷ್ಯರು ಓದುವುದಕ್ಕಾಗಿ ಇಟ್ಟದ್ದು. ೩೨ ಅಕ್ಷರಗಳವರೆಗೆ ಇರಬಹುದು. 'ಟಿ.ಟಿ. ೧೦೧' ಎಂಬಲ್ಲಿ ಮೊದಲ ಅಕ್ಷರವು ಟೆಂಪರೇಚರ್ ಎಂಬುದರ, ಎರಡನೆಯದು ಟ್ರಾನ್ಸ್‌ಮಿಟರ್ ಎಂಬುದರ ಆದ್ಯಕ್ಷರ. ಸಂಖ್ಯೆಯು ಅದರ ಸ್ಥಾನವನ್ನು ಗುರುತಿಸುತ್ತದೆ. ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ವ್ಯವಹಾರನಾಮವು ಅಂಕಿತನಾಮ, ಸ್ಥಾನನಾಮವು ಅನ್ವರ್ಥನಾಮ.

ಇನ್ನು ಇವುಗಳನ್ನು ಅಳವಡಿಸುವ ಕ್ರಮ. ಮಾಪಕವನ್ನು ಸ್ಥಾನದಲ್ಲಿ ನಿಲ್ಲಿಸುವುದಕ್ಕೆ ಮುಂಚೆ, ಕೈಯಲ್ಲಿ ಹಿಡಿಯುವ ಉಪಕರಣವನ್ನು ತಂತಿಯಿಂದ ಅದಕ್ಕೆ ಜೋಡಿಸಿ, ಸ್ಥಾನನಾಮ, ಜಾಲಸಂಖ್ಯೆ, ೧೨೮ ಬಿಟ್‌ಗಳ ಪ್ರವೇಶಕೀಲಿ ಎಂಬ ಮೂರನ್ನೂ ಬರೆಯತಕ್ಕದ್ದು. ಕೀಲಿಯು ರಹಸ್ಯವಾದುದರಿಂದ ಅದನ್ನು ಆಕಾಶಮಾರ್ಗದಲ್ಲಿ ಮೊದಲ ಬಾರಿಗೆ ಕಳುಹಿಸಲಾಗದು. ಅನಂತರ ಮಾಪಕವು ನೆರೆಯ ಯಂತ್ರಗಳ ಆಹ್ವಾನಸಂದೇಶವನ್ನು ಆಲಿಸಿ, ತನ್ನ ಜನ್ಮನಾಮದಿಂದಲೇ ಪ್ರವೇಶವನ್ನು ಬೇಡುತ್ತದೆ. ವ್ಯವಸ್ಥಾಪಕವು ಕೀಲಿಯನ್ನು ಪರೀಕ್ಷಿಸಿ, ವ್ಯವಹಾರನಾಮವನ್ನೂ ಹೊಸ ಕೀಲಿಗಳನ್ನೂ, ಮಾತನಾಡುವುದಕ್ಕೆ ೧೦ ಮಿಲಿಸೆಕೆಂಡುಗಳ ಕಾಲಖಂಡಗಳನ್ನೂ ಕೊಡುತ್ತದೆ. ಹೆಸರನ್ನು ಹೇಳಿದ ಮಾತ್ರಕ್ಕೆ ಅದು ತನ್ನದೆಂದು ಸಿದ್ಧವಾಗುವುದಿಲ್ಲ; ಕೀಲಿಯೇ ಅದಕ್ಕೆ ಪ್ರಮಾಣ. ಎಲ್ಲ ಮಾಪಕಗಳಿಗೂ ಒಂದೇ ಕೀಲಿಯನ್ನಿಡುವುದು ಸುಲಭವಾದರೂ, ಅದು ಒಮ್ಮೆ ಹೊರಬಿದ್ದರೆ ಅಪರಿಚಿತ ಯಂತ್ರವೂ ಒಳಗೆ ಬರಬಹುದು. ಒಂದೊಂದು ಜನ್ಮನಾಮಕ್ಕೂ ಒಂದೊಂದು ಕೀಲಿಯನ್ನು ಗೊತ್ತುಮಾಡುವುದು ಶ್ರಮಸಾಧ್ಯವಾದರೂ ಕ್ಷೇಮಕರ.

ಮೂರು ಹೆಸರುಗಳ ಭೇದವು ಮುಖ್ಯವಾಗುವುದು ಯಂತ್ರವನ್ನು ಬದಲಿಸುವಾಗ. ಕೆಟ್ಟ ಮಾಪಕದ ಜಾಗದಲ್ಲಿ ಹೊಸದನ್ನು ಇಟ್ಟರೆ ಜನ್ಮನಾಮವು ಬೇರೆಯಾಗುವುದು ಅನಿವಾರ್ಯ, ವ್ಯವಹಾರನಾಮವೂ ಬೇರೆಯಾಗಬಹುದು, ಸ್ಥಾನನಾಮವು ಮಾತ್ರ ಅದೇ ಆಗಿರಬೇಕು. ಇದಕ್ಕೆ ವಿಪರ್ಯಯವಾಗಿ, ಒಂದು ಪಾತ್ರೆಯ ಮಾಪಕವನ್ನು ಕಿತ್ತು ಮತ್ತೊಂದಕ್ಕೆ ಹಾಕಿ ಹಳೆಯ ಸ್ಥಾನನಾಮವನ್ನು ಹಾಗೆಯೇ ಬಿಟ್ಟರೆ, ಜಾಲದಲ್ಲಿ ಯಾವ ದೋಷವೂ ಕಾಣಿಸದು. ಜನ್ಮನಾಮವು ಸರಿ, ಕೀಲಿಯು ಸರಿ, ಅಳೆದ ಅಂಕವೂ ಸರಿ. ಆದರೆ ತಣ್ಣಗಿರುವ ಪಾತ್ರೆಯ ಉಷ್ಣವನ್ನು ಕಾದ ಪಾತ್ರೆಯದೆಂದು ನಂಬಿದ ಕಾವಲುಗಾರನು ತಂಪುನೀರನ್ನು ಬಿಡದೆ ಸುಮ್ಮನಿದ್ದಾನು. ಅದರಿಂದ ಪ್ರಾಣಾಪಾಯವೂ ಒದಗೀತು. ವಿಧೇಯವು ಸತ್ಯವಾಗಿದ್ದರೂ ಉದ್ದೇಶ್ಯವು ತಪ್ಪಿದ ವಾಕ್ಯವು ಅಸತ್ಯವೇ. ಅಂಕದ ತಪ್ಪನ್ನೂ ಕೀಲಿಯ ತಪ್ಪನ್ನೂ ಹಿಡಿಯುವ ಸಾಧನಗಳು ಯಂತ್ರದಲ್ಲಿವೆ. ಸ್ಥಾನನಾಮವು ತನ್ನ ಅರ್ಥಕ್ಕೆ ಹೊಂದಿದೆಯೇ ಎಂಬುದನ್ನು ಮಾತ್ರ ಮನುಷ್ಯನೇ ಪಾತ್ರೆಯ ಬಳಿಗೆ ಹೋಗಿ, ಫಲಕವನ್ನೂ ಪಟ್ಟಿಯನ್ನೂ ಹೋಲಿಸಿ ನೋಡಬೇಕಾಗಿದೆ.